ಟ್ಯಾಂಕಿನಲ್ಲುಳಿದ ತೊಂಬತ್ತೊಂದು

ಯಾವ ಕಾರಿಗೆ ಯಾವ ಪೆಟ್ರೋಲು ಹಾಕಬೇಕು ಎಂಬುದಕ್ಕೆ ಉತ್ತರ ಆಯಾ ಕಾರಿನಲ್ಲೇ ಬರೆದಿರುತ್ತದೆ. ಟ್ಯಾಂಕಿನ ಮುಚ್ಚಳ ತೆರೆದರೆ ಒಳಬದಿಯಲ್ಲೊಂದು ಚೀಟಿ, ಚೀಟಿಯ ಮೇಲೊಂದು ಆಕ್ಟೇನ್ ನಂಬರು, ತೊಂಬತ್ತೊಂದೋ ತೊಂಬತ್ತೈದೋ. ಆದರೆ ಜನ ಆ ಚೀಟಿಯೊಂದನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುತ್ತಾರೆ. ಭಾವಮೈದುನನನ್ನು ಕೇಳುತ್ತಾರೆ, ಪಕ್ಕದ ಮನೆಯವರನ್ನು ಕೇಳುತ್ತಾರೆ, ಬಂಕಿನ ಸರದಿಯಲ್ಲಿ ನಿಂತ ಗುರುತುಪರಿಚಯವಿಲ್ಲದವರನ್ನೂ ಬಿಡುವುದಿಲ್ಲ. ಎಲ್ಲರನ್ನೂ ಕೇಳಿ, ಕೊನೆಗೆ ತಮಗೆ ಮೊದಲೇ ಏನು ಅನ್ನಿಸಿತ್ತೋ ಅದನ್ನೇ ಹಾಕಿಸಿಕೊಂಡು ಹೋಗುತ್ತಾರೆ.

ಮಾಸ್ತರ ಮಗಳು ಅಂಥವಳಾಗಿರಲಿಲ್ಲ. ಅವಳದು ಒಂದೇ ಕೋಣೆಯ, ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಕೋಣೆಯಲ್ಲಿ ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಬಣ್ಣಗೆಟ್ಟ ಪಟ. ಹೊರಗೆ ನೆರಳಿನಲ್ಲಿ ಕಾರು. ಅಪ್ಪನ ಕಾಲದ್ದು, ಕಾರ್ಬುರೇಟರಿನ ಹಳೆಯ ಬಿಗಿ ಇಂಜಿನ್ನು. ಮುಚ್ಚಳದ ಚೀಟಿ ಯಾವತ್ತೋ ಮಾಸಿಹೋಗಿತ್ತು. ಮಾಸ್ತರು ಸಣ್ಣ ಬ್ರಷ್ಷು ಹಿಡಿದು ಕೆಂಪು ಬಣ್ಣದಲ್ಲಿ ‘95’ ಎಂದು ತಾವೇ ದಪ್ಪಗೆ ಬರೆದಿದ್ದರು. ಮೂವತ್ತಾರು ವರ್ಷದ ಮಗಳು ಈವರೆಗೆ ಆ ಕಾರಿಗೆ ಬೇರೆ ಪೆಟ್ರೋಲು ಹಾಕಿಸಿದವಳಲ್ಲ.

ಅವಳ ಸೋದರಮಾವ ಮೆಕ್ಯಾನಿಕ್ಕು. ಎರಡು ರಸ್ತೆ ಆಚೆ ಅವನ ಗ್ಯಾರೇಜು. ಈ ನಂಬರಿನ ವಿಷಯ ಎತ್ತಿದರೆ ಸಾಕು, ಅವನಿಗೆ ಕೈಯಲ್ಲಿರುವ ಕೆಲಸ ಮರೆತುಹೋಗುತ್ತಿತ್ತು.

“ಜನ ಏನು ತಿಳ್ಕೊಂಡಿದಾರೆ? ನಂಬರು ಜಾಸ್ತಿ ಆದ್ರೆ ಶಕ್ತಿ ಜಾಸ್ತಿ ಅಂತ. ಮಣ್ಣು! ಅದು ಶಕ್ತಿ ಅಲ್ಲ ಕಣೇ, ತಾಳ್ಮೆ. ಸಿಲಿಂಡರಿನೊಳಗೆ ಪೆಟ್ರೋಲನ್ನ ಹಿಂಡಿ ಹಿಂಡಿ ಇಡ್ತಾರೆ. ಕಿಡಿ ಬರೋವರೆಗೂ ಅದು ಕಾಯ್ಬೇಕು. ತೊಂಬತ್ತೈದು ಕಾಯತ್ತೆ. ತೊಂಬತ್ತೊಂದಕ್ಕೆ ಅಷ್ಟು ತಾಳ್ಮೆ ಇಲ್ಲ, ಬಿಗಿ ಇಂಜಿನ್ನಲ್ಲಿ ಹಾಕಿದ್ರೆ ಕಿಡಿಗೆ ಮುಂಚೆ ತಾನೇ ಹತ್ತಿಕೊಳ್ಳತ್ತೆ. ಆಗ ಪಿಸ್ಟನ್ ಮೇಲೆ ಸುತ್ತಿಗೇಲಿ ಹೊಡೆದ ಹಾಗೆ ಟಕ್ ಅನ್ನತ್ತೆ. ಅದೇ ನಾಕಿಂಗು.”

ಸಣ್ಣ ಕಾರಿನವರು ಬಂದು ತೊಂಬತ್ತೈದು ಹಾಕಿಸ್ತಿದೀನಿ ಎಂದು ಜಂಬ ಕೊಚ್ಚಿದರೆ ಅವನು ಕೈ ಮುಗಿದುಬಿಡುತ್ತಿದ್ದ. ತೊಂಬತ್ತೊಂದೇ ಸಾಕಾದ ಇಂಜಿನ್ನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಎನ್ನುವುದು ಅವನ ವಾದ. “ಆದ್ರೆ ಭಾವನ ಕಾರಿದೆಯಲ್ಲ, ಅದಕ್ಕೆ ತೊಂಬತ್ತೈದು ಬೇಕೇ ಬೇಕು” ಎಂದು ಕೊನೆಗೊಮ್ಮೆ ಸೇರಿಸುತ್ತಿದ್ದ.

ಭಾವ ಎಂದರೆ ಮಾಸ್ತರು. ಊರಿನವರ ಬಾಯಲ್ಲಿ ಟಕ್‌ಟಕ್ ಮಾಸ್ತರು. ಒಂಬತ್ತು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತು. ಉಸಿರಿನಲ್ಲೇ ಒಂದೆರಡು ಮಾತು ಪಿಸುಗುಟ್ಟಬಹುದಿತ್ತು, ಆದರೆ ಓಡುವ ಕಾರಿನಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಬೇರೆಯವರಾಗಿದ್ದರೆ ಸ್ಕೂಲು ಮುಚ್ಚಿ ಮನೆಯಲ್ಲಿ ಕೂರುತ್ತಿದ್ದರು. ಮಾಸ್ತರು ಬೆರಳಿನ ಉಕ್ಕಿನ ಉಂಗುರದಿಂದ ಡ್ಯಾಶ್‌ಬೋರ್ಡಿಗೆ ತಟ್ಟುವುದನ್ನು ಕಲಿತರು. ಒಂದು ಸಲ ತಟ್ಟಿದರೆ ಹೋಗು. ಎರಡು ಸಲ ತಟ್ಟಿದರೆ ನಿಧಾನ. ಮೂರು ಸಲ ತಟ್ಟಿದರೆ ನಿಲ್ಲಿಸು. ಒಂಬತ್ತು ವರ್ಷ ಈ ಮೂರೇ ಮಾತಿನಲ್ಲಿ ಅವರು ನೂರಾರು ಜನರಿಗೆ ಕಾರು ಕಲಿಸಿದರು. ತೀರಾ ಮೊದ್ದು ಶಿಷ್ಯರಿಗೆಂದು ಅವರ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು. ಈಚೆ ತುಳಿದರೆ ಆಚೆಯದೂ ಇಳಿಯುವಂತೆ ಕಂಬಿ ಜೋಡಿಸಿದ್ದರು. ಮೂರು ಸಲ ತಟ್ಟಿಯೂ ಶಿಷ್ಯ ನಿಲ್ಲಿಸದಿದ್ದರೆ ಅವರೇ ತುಳಿದುಬಿಡುತ್ತಿದ್ದರು.

ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಈಗ ಆ ಸೀಟಿನಲ್ಲಿ ಕೂತು ಕಲಿಸುವವಳು ಮಗಳು. ಅವಳಿಗೆ ಗಂಟಲು ಚೆನ್ನಾಗಿಯೇ ಇದ್ದುದರಿಂದ ತಟ್ಟುವ ಅಗತ್ಯವಿರಲಿಲ್ಲ. ಬೈಯುತ್ತಿದ್ದಳು.

ಒಂದು ಬೆಳಗ್ಗೆ ಬಂಕಿಗೆ ಹೋದರೆ ತೊಂಬತ್ತೈದರ ಪಂಪಿಗೆ ಹಗ್ಗ ಕಟ್ಟಿತ್ತು.

“ರಿಪೇರಿ ಮೇಡಂ, ಎರಡು ದಿನ ಆಗತ್ತೆ” ಎಂದ ದಪ್ಪ ಕನ್ನಡಕದ ಬಂಕಿನವನು. “ತೊಂಬತ್ತೊಂದು ಹಾಕ್ಲಾ? ಎರಡು ದಿನಕ್ಕೆ ಏನೂ ಆಗಲ್ಲ.”

ಮುಳ್ಳು ತಳ ಮುಟ್ಟಿತ್ತು. ಹತ್ತು ಗಂಟೆಗೆ ಟೈಲರ್ ಕಾರು ಕಲಿಯಲು ಬರುವವನಿದ್ದ. ಅವಳು ಮುಚ್ಚಳದೊಳಗಿನ ಕೆಂಪು ನಂಬರನ್ನು ನೋಡಿಯೂ ನೋಡದವಳಂತೆ, ಹಾಕಿ ಎಂದಳು.

ಟೈಲರಿಗೆ ಐವತ್ತು ದಾಟಿತ್ತು. ಜೀವಮಾನವಿಡೀ ಹೊಲಿಗೆ ಮೆಷಿನ್ನು ತುಳಿದ ಕಾಲು, ಪೆಡಲು ಸಿಕ್ಕಿದರೆ ಒಂದೇ ಸಮ ತುಳಿಯುತ್ತಿತ್ತು. ಬ್ರೇಕೋ ಆಕ್ಸಿಲರೇಟರೋ ಎಂಬ ಭೇದವೇ ಅದಕ್ಕಿರಲಿಲ್ಲ. ಮಾಸ್ತರ ಕಾಲದಿಂದಲೂ ಕಲಿಯುತ್ತಲೇ ಇದ್ದ, ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದ. ಅವನನ್ನು ಕೂರಿಸಿಕೊಂಡು ಅವಳು ನೀರಿನ ಟ್ಯಾಂಕಿನ ಏರಿಗೆ ಹೊರಟಳು. ಉದ್ದದ ಏರು; ಒಂದು ಪಕ್ಕದಲ್ಲಿ ಕಲ್ಲಿನ ಗೋಡೆ, ಇನ್ನೊಂದು ಪಕ್ಕದಲ್ಲಿ ಗೋದಾಮುಗಳ ಸಾಲು. ಏರಿನ ತುದಿಯಲ್ಲಿ ಸಿಗ್ನಲ್ಲು.

ಅರ್ಧ ಏರು ಹತ್ತಿದಾಗ ಕೇಳಿಸಿತು. ಟಕ್, ಟಕ್.

ಟೈಲರ್ ತಟ್ಟನೆ ಬ್ರೇಕು ತುಳಿದ. ಅದೇ ಕ್ಷಣಕ್ಕೆ ಗೋದಾಮಿನ ಸಂದಿಯಿಂದ ಒಂದು ಲಾರಿ ಹಿಂದೆ ಮುಂದೆ ನೋಡದೆ ರಿವರ್ಸ್ ಬಂದು, ಅವರ ಬಾನೆಟ್ಟಿನ ಎದುರಿಗೆ ಒಂದು ಮೊಳದ ಅಂತರದಲ್ಲಿ ಹಾದುಹೋಯಿತು. ಲಾರಿಯವನು ಅವರನ್ನು ನೋಡಲೂ ಇಲ್ಲ.

ಅವಳು ಟೈಲರಿನ ಕಡೆ ತಿರುಗಿದಳು. “ಹೇಗ್ರೀ ಬ್ರೇಕ್ ಹಾಕಿದ್ರಿ? ನಂಗೇ ಕಾಣಿಸ್ಲಿಲ್ಲ ಅದು!”

ಟೈಲರ್ ಹಣೆ ಒರೆಸಿಕೊಂಡ. “ನೀವೇ ತಟ್ಟಿದ್ರಲ್ಲ ಮೇಡಂ. ಎರಡು ಸಲ. ಮಾಸ್ತರ ಥರಾನೇ.”

ಅವಳ ಎರಡೂ ಕೈ ಮಡಿಲಲ್ಲಿದ್ದವು. ಟೈಲರ್ ಆ ಕೈಗಳನ್ನು ನೋಡಿದ, ಅವಳ ಮುಖ ನೋಡಿದ. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವತ್ತು ಅವನು ಯಾವತ್ತೂ ಇಲ್ಲದಷ್ಟು ಚೆನ್ನಾಗಿ ಕಾರು ಓಡಿಸಿದ.

ಅವಳು ಮೆಕ್ಯಾನಿಕ್ಕನ ಸೋದರಸೊಸೆ, ಡ್ರೈವಿಂಗ್ ಮಾಸ್ತರ ಮಗಳು. ತೊಂಬತ್ತೊಂದು ಹಾಕಿದ್ದಕ್ಕೆ ಏರಿನಲ್ಲಿ ನಾಕಿಂಗ್ ಬಂದಿದೆ ಎಂಬುದು ಗೊತ್ತಾಗದಷ್ಟು ದಡ್ಡಿಯಲ್ಲ. ಆದರೆ ನಾಕಿಂಗ್ ಎಂದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಒಂದೇ ಸಮನೆ ಬರುವ ಸದ್ದು. ಅದು ಎಣಿಸುವುದಿಲ್ಲ. ಎರಡು ತಟ್ಟಿ ಸುಮ್ಮನಾಗುವುದಿಲ್ಲ.

ಮಧ್ಯಾಹ್ನ ಊಟ ಬಿಟ್ಟು ಒಬ್ಬಳೇ ಮತ್ತೆ ಆ ಏರಿಗೆ ಹೋದಳು. ಸುಡುಬಿಸಿಲು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಗೋದಾಮುಗಳ ಬಾಗಿಲು ಹಾಕಿದ್ದವು. ನಾಲ್ಕನೆಯ ದೀಪದ ಕಂಬ ಬರುತ್ತಿದ್ದಂತೆ ಟಕ್, ಟಕ್, ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಮೂರು. ನಿಲ್ಲಿಸು. ನಿಲ್ಲಿಸು.

ಆ ನಾಲ್ಕನೆಯ ಕಂಬ ಯಾವುದೆಂದು ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ನಾಲ್ಕು ತಿಂಗಳ ಹಿಂದೆ, ಶಿಷ್ಯರಿಲ್ಲದ ಒಂದು ಬೆಳಗ್ಗೆ, ಅವಳು ಕಾರು ಓಡಿಸುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತಿದ್ದರು. ಮನೆಯ ಗೇಟು ದಾಟಿದಾಗಿನಿಂದ ಅವರದು ಒಂದೇ ರಾಗ, ಟಕ್‌ಟಕ್, ನಿಧಾನ, ಟಕ್‌ಟಕ್, ನಿಧಾನ. ಹದಿನೆಂಟು ವರ್ಷದಿಂದ ಕಾರು ಓಡಿಸುತ್ತಿರುವ ಮಗಳಿಗೆ ತಲೆ ಕೆಟ್ಟುಹೋಗಿತ್ತು. ಈ ಏರಿನಲ್ಲಿ, ಆ ಕಂಬದ ಹತ್ತಿರ, ಅವರು ಮೂರು ತಟ್ಟಿದರು. ರಸ್ತೆ ಖಾಲಿಯಿತ್ತು. “ಸಾಕಪ್ಪಾ! ನಾನೇನು ನಿಮ್ಮ ಶಿಷ್ಯೆನಾ?” ಎಂದು ಅವಳು ರೇಗಿದಳು. ಅವರು ಮತ್ತೆ ಮೂರು ತಟ್ಟಿದರು. ಅವಳು ಹಟಕ್ಕೆ ಬಿದ್ದು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು. ಮೂರನೆಯ ಸಲ ತಟ್ಟಿದ್ದು ಸಣ್ಣಗೆ ಕೇಳಿಸಿತು, ನೆನಪಿದೆ. ತುದಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಲ್ಲಿಸಿ, ಈಗ ನಿಲ್ಲಿಸಿದೆ ನೋಡಿ ಎಂದು ಕೊಂಕು ನುಡಿಯಲು ತಿರುಗಿದರೆ ಅಪ್ಪ ಕಿಟಕಿಯ ಗಾಜಿಗೆ ಒರಗಿದ್ದರು. ಹೃದಯ ನಿಂತುಹೋಗಿತ್ತು.

ಅವರ ಕಾಲ ಬುಡದಲ್ಲೇ ಬ್ರೇಕಿತ್ತು. ರಸ್ತೆಗಾಗಿ ತಟ್ಟಿದ್ದರೆ ಅವರೇ ತುಳಿಯುತ್ತಿದ್ದರು. ತುಳಿಯಲಿಲ್ಲ, ಯಾಕೆಂದರೆ ಕಾಲು ಬರಲಿಲ್ಲ, ಬೆರಳೊಂದೇ ಬಂತು. ಇದು ಅವಳಿಗೆ ಹೊಳೆದದ್ದು ಮೂರು ದಿನ ಕಳೆದ ಮೇಲೆ. ಅಷ್ಟರಲ್ಲಿ ಅಮ್ಮನಿಗೆ ಹೇಳಿಯಾಗಿತ್ತು: “ಏನೂ ಹೇಳ್ಲಿಲ್ಲಮ್ಮ. ನಿದ್ದೆ ಹೋದ ಹಾಗೆ ಹೋಗ್ಬಿಟ್ರು.” ಅಮ್ಮ ಆ ಒಂದು ಮಾತನ್ನೇ ಹಿಡಿದುಕೊಂಡು ಬಂದವರಿಗೆಲ್ಲ ಹೇಳಿದ್ದಳು. ಆ ಸುಳ್ಳನ್ನು ಅಮ್ಮನ ಬಾಯಿಂದ ಕೇಳಿದಾಗಲೆಲ್ಲ ಮಗಳು ಎದ್ದು ಹೊರಗೆ ಹೋಗುತ್ತಿದ್ದಳು.

ಅವಳಿಗೆ ಬೇಕಾಗಿದ್ದು ಒಂದೇ. ಅಪ್ಪ ಸಾಯುವಾಗ ತನ್ನ ಮೇಲೆ ಸಿಟ್ಟು ಮಾಡಿಕೊಂಡು ಸತ್ತರೇ? ಅದಿಷ್ಟು ಗೊತ್ತಾದರೆ ಸಾಕಿತ್ತು.

ಮೂರನೆಯ ದಿನ ಬಂಕಿನ ಪಂಪಿಗೆ ಕಟ್ಟಿದ ಹಗ್ಗ ಬಿಚ್ಚಿದ್ದರು. “ತೊಂಬತ್ತೈದು ಬಂತು ಮೇಡಂ” ಎಂದು ಕನ್ನಡಕದವನು ನಳಿಕೆ ಎತ್ತಿದ. ಅವಳು “ಬೇಡ, ತೊಂಬತ್ತೊಂದೇ ಹಾಕಿ” ಎಂದಳು. ಅವನು ಮುಚ್ಚಳದ ಕೆಂಪು ನಂಬರಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಬೇರೆ ಕಡೆ ನೋಡಿದಳು.

ಅಲ್ಲಿಂದ ದಿನಾ ಮಧ್ಯಾಹ್ನ ಅವಳು ಆ ಏರಿನಲ್ಲಿ. ಕೇಳುವುದೂ ಅದೇ ಪ್ರಶ್ನೆ: “ಅಪ್ಪಾ, ನನ್ನ ಮೇಲೆ ಸಿಟ್ಟಾ?” ಉತ್ತರವೂ ಅದೇ, ಮೂರು. ಮೂರೇ ಮಾತು ಬರುವವರನ್ನು ಏನು ಕೇಳಿ ಏನು ಪ್ರಯೋಜನ ಎಂದು ಒಮ್ಮೆ ಅವಳಿಗೇ ನಗು ಬಂತು. ಆ ನಗುವಿನ ಸದ್ದು ಮುಚ್ಚಿದ ಕಾರಿನೊಳಗೆ ಯಾಕೋ ಸರಿ ಕೇಳಿಸಲಿಲ್ಲ, ಪಕ್ಕದ ಸೀಟಿನಿಂದ ಬಂದ ಹಾಗಿತ್ತು. ಆಮೇಲೆ ಅವಳು ಅಲ್ಲಿ ನಗಲಿಲ್ಲ.

ಇದರಲ್ಲೊಂದು ಕ್ರೂರವಾದ ಸಂಗತಿಯಿತ್ತು. ನಾಕಿಂಗ್ ಬರುವುದು ಇಂಜಿನ್ನಿಗೆ ಭಾರ ಬಿದ್ದಾಗ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸದ್ದು ಅಡಗುತ್ತದೆ. ಅಂದರೆ ಅಪ್ಪ ನಿಲ್ಲಿಸು ಅನ್ನುವುದನ್ನು ಕೇಳುತ್ತಿರಬೇಕಾದರೆ ಅವಳು ನಿಲ್ಲಿಸದೆ ಒತ್ತುತ್ತಲೇ ಇರಬೇಕು. ಅವತ್ತಿನ ಹಾಗೆಯೇ. ದಿನಾ ಏರು ಹತ್ತುತ್ತಿದ್ದಳು, ದಿನಾ ಅವರು ಬೇಡುತ್ತಿದ್ದರು, ದಿನಾ ಅವಳು ಒತ್ತುತ್ತಿದ್ದಳು. ತುದಿ ಮುಟ್ಟುವಾಗ ಬಟ್ಟೆಯೆಲ್ಲ ಒದ್ದೆ.

ಮಾವನಿಗೆ ಸುದ್ದಿ ಬೇಕಿರಲಿಲ್ಲ, ಕಿವಿಯಿತ್ತು. ಗ್ಯಾರೇಜಿನ ಮುಂದೆ ಕಾರು ಹಾದದ್ದನ್ನು ಕೇಳಿಯೇ ಅಡ್ಡಹಾಕಿದ. ಕಿಡಿ ಹೊತ್ತಿಸುವ ಪ್ಲಗ್ಗೊಂದನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ಅದರ ಬಿಳಿ ಪಿಂಗಾಣಿಯ ಮೇಲೆ ಪುಡಿಮೆಣಸು ಉದುರಿಸಿದಂತೆ ಬೂದು ಚುಕ್ಕಿಗಳಿದ್ದವು.

“ಇದೇನು ಗೊತ್ತಾ? ನಿನ್ನ ಪಿಸ್ಟನ್ನು. ಕರಗಿ ಚೂರು ಚೂರೇ ಬಂದು ಇಲ್ಲಿ ಕೂತಿದೆ. ಏನು ಹಾಕಿಸ್ತಿದೀಯ ಟ್ಯಾಂಕಿಗೆ?”

ಅವಳು ಬಾನೆಟ್ಟಿನ ಧೂಳು ಒರೆಸತೊಡಗಿದಳು.

“ಭಾವನ ಕಾರು ಕಣೇ ಇದು. ಇನ್ನೊಂದು ಹದಿನೈದು ದಿನ ಹೀಗೇ ಮಾಡು, ಪಿಸ್ಟನ್ನಿಗೆ ತೂತು ಬೀಳತ್ತೆ. ಆಮೇಲೆ ಸ್ಕೂಲಿಗೆ ಏನು, ನಿನ್ನನ್ನ ತಳ್ಕೊಂಡು ಹೋಗ್ತಾರಾ?”

ಬೈದುಕೊಂಡೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿದ. ಹಾಗೆ ಮಾಡಿದರೆ ಕಿಡಿ ಸ್ವಲ್ಪ ತಡವಾಗಿ ಬಂದು ಬಡಿತ ಕಡಿಮೆಯಾಗುತ್ತದೆ. ಅವಳು ಸಂಜೆಯೊಳಗೆ ಮನೆಯ ಅಂಗಳದಲ್ಲಿ ಬಾನೆಟ್ಟು ಎತ್ತಿ ಅದನ್ನು ಮೊದಲಿನ ಜಾಗಕ್ಕೇ ತಂದಳು. ಅಲ್ಲಿಗೂ ಬಿಡದೆ ಇನ್ನೊಂದು ಎಳೆ ಮುಂದಕ್ಕೆ ತಿರುಗಿಸಿದಳು. ಸ್ಪಷ್ಟವಾಗಿ ಕೇಳಲಿ ಎಂದು. ಅಪ್ಪನ ದನಿಗಾಗಿ ಅಪ್ಪನ ಕಾರನ್ನು ಕೈಯಾರೆ ಕೊಲ್ಲುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದಳು.

ಮರುದಿನ ಟೈಲರ್ ಪರೀಕ್ಷೆ ಪಾಸಾದ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಸೀದಾ ಮಾಸ್ತರ ಮನೆಗೆ ಹೋಗಿ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದವನು, ಬಾಯಿಗೆ ಬೀಗ ಹಾಕಿಕೊಳ್ಳಲಾರದೆ ಹೇಳಿಯೇಬಿಟ್ಟ: “ಮಾಸ್ತರೇ ಪಾಸ್ ಮಾಡಿಸಿದ್ದು ಅಮ್ಮ. ಅವರಿನ್ನೂ ಕಾರಲ್ಲೇ ಇದಾರೆ. ತಟ್ಟಿ ತಟ್ಟಿ ಹೇಳ್ಕೊಡ್ತಾರೆ.”

ಮಗಳು ಮಧ್ಯಾಹ್ನ ಕಾರು ತೆಗೆಯಲು ಹೊರಬಂದರೆ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಕಾರಿನ ಪಕ್ಕದಲ್ಲಿ ನಿಂತಿದ್ದಳು. ನಾಲ್ಕು ತಿಂಗಳಿಂದ ಆ ಕಾರಿನ ನೆರಳಿಗೂ ಹೋಗದವಳು ಈಗ ಬಾಗಿಲು ತೆರೆದು ಮಾಸ್ತರ ಸೀಟಿನಲ್ಲಿ ಕೂತಳು.

“ನಡಿ” ಎಂದಳು.

“ಎಲ್ಲಿಗಮ್ಮ?”

“ನೀನು ದಿನಾ ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ.”

ಬಿಸಿಲಿಗೆ ಸೀಟು ಕಾದು ಸುಡುತ್ತಿತ್ತು. ಏರು ಶುರುವಾದಾಗ ಅಮ್ಮ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೂತಳು. ಮೊದಲ ಕಂಬ ಹೋಯಿತು, ಎರಡನೆಯದು ಹೋಯಿತು. ಇಂಜಿನ್ನಿನ ಗೊರಗೊರ ಬಿಟ್ಟರೆ ಬೇರೇನಿಲ್ಲ. ಇವತ್ತು ಬಾರದಿರಲಿ ಎಂದು ಮಗಳು ಮನಸ್ಸಿನಲ್ಲೇ ಬೇಡಿಕೊಂಡಳು. ಕಾಲು ಮಾತ್ರ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು.

ಮೂರನೆಯ ಕಂಬದಲ್ಲಿ ಟಕ್, ಟಕ್. ಅಮ್ಮನ ಕೈ ಬಾಯಿಗೆ ಹೋಯಿತು.

ನಾಲ್ಕನೆಯದರಲ್ಲಿ ಟಕ್, ಟಕ್, ಟಕ್.

ಅಮ್ಮ ಪಕ್ಕದಲ್ಲಿ ಕೂತಿರುವಾಗ ಮಗಳಿಗೆ ಇನ್ನು ಒತ್ತಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಕಂಬದ ಬುಡದಲ್ಲಿ ಬ್ರೇಕು ತುಳಿದಳು. ಅಮ್ಮನ ಕಾಲ ಬಳಿಯ ಪೆಡಲೂ ತಾನಾಗಿ ಕೆಳಗಿಳಿಯಿತು. ಅಮ್ಮ ಬೆಚ್ಚಿ ಕಾಲು ಎತ್ತಿಕೊಂಡಳು. ಕಾರು ನಿಂತಿತು. ಮಗಳು ಗೇರು ತೆಗೆದು, ಹ್ಯಾಂಡ್‌ಬ್ರೇಕು ಎಳೆದು ಕೀ ತಿರುಗಿಸಿದಳು.

ಇಂಜಿನ್ನು ನಿಲ್ಲಲಿಲ್ಲ.

ಅವಳು ಕೀಯನ್ನು ಹೊರಗೆಳೆದು ಅಂಗೈಯಲ್ಲಿ ಹಿಡಿದುಕೊಂಡಳು. ಆದರೂ ಕಾರು ಗಡಗಡ ನಡುಗುತ್ತಾ ಓಡುತ್ತಲೇ ಇತ್ತು. ಹಳೆಯ ಕಾರಿಗೆ ಕಡಿಮೆ ನಂಬರಿನ ಪೆಟ್ರೋಲು ಹಾಕಿ ಏರಿನಲ್ಲಿ ಕಾಯಿಸಿದರೆ ಹೀಗಾಗುವುದುಂಟು. ಕಿಡಿಯಿಲ್ಲದಿದ್ದರೂ ಒಳಗಿನ ಕಾವಿಗೇ ಹತ್ತಿಕೊಂಡು ಒಂದರ್ಧ ನಿಮಿಷ ಕೆಮ್ಮಿ ಸುಮ್ಮನಾಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೆ ಇದು ಕೆಮ್ಮುತ್ತಿರಲಿಲ್ಲ. ಟಕ್, ಟಕ್, ಟಕ್. ಬಿಡುವು. ಟಕ್, ಟಕ್, ಟಕ್. ಭಾರವಿಲ್ಲ, ಕಿಡಿಯಿಲ್ಲ, ಕೀ ಕೈಯಲ್ಲಿದೆ. ಡ್ಯಾಶ್‌ಬೋರ್ಡಿನ ಕೆಳಗೆ, ಅಮ್ಮನ ಮೊಳಕಾಲಿನ ಎದುರಿಗೇ, ಒಳಗಿನಿಂದ ಯಾರೋ ತಟ್ಟುತ್ತಿದ್ದರು.

ಅಮ್ಮ ಮುಂದಿನ ಪೆಡಲನ್ನೇ ನೋಡುತ್ತಿದ್ದಳು. “ಇದು ಬ್ರೇಕಾ?”

“ಹೂಂ.”

“ಅವರ ಕಾಲಿಗೂ ಬ್ರೇಕಿತ್ತಾ?”

“ಇತ್ತಮ್ಮ.”

ನಿದ್ದೆ ಹೋದ ಹಾಗೆ ಹೋದರೆಂಬ ಹಳೆಯ ಸುಳ್ಳನ್ನೇ ಹೇಳಲು ಮಗಳು ಬಾಯಿ ತೆರೆದಳು. ಟಕ್, ಟಕ್, ಟಕ್. ಸುಳ್ಳು ಬರಲಿಲ್ಲ.

“ಅವತ್ತು ಅಪ್ಪ ತಟ್ಟಿದ್ರಮ್ಮ. ಇಲ್ಲೇ. ಮೂರು ಮೂರು ಸಲ ತಟ್ಟಿದ್ರು. ನಾನು ನಿಲ್ಲಿಸ್ಲಿಲ್ಲ. ರೇಗಿದೆ, ಹಟಕ್ಕೆ ಇನ್ನೂ ಜೋರಾಗಿ ಓಡಿಸ್ದೆ. ಏನೂ ಹೇಳ್ಲಿಲ್ಲ ಅಂತ ನಿಂಗೆ ಹೇಳಿದ್ದು ಸುಳ್ಳು. ಅವತ್ತು ಇಲ್ಲೇ ನಿಲ್ಲಿಸಿದ್ರೆ ಅಪ್ಪ ಉಳೀತಿದ್ರೇನೋ.”

ಅಮ್ಮ ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದು ಅವಳು ಕಾದಳು. ಎರಡಕ್ಕೂ ಸಿದ್ಧಳಾಗಿದ್ದಳು. ಅಮ್ಮ ಎರಡನ್ನೂ ಮಾಡಲಿಲ್ಲ. ಪೆಡಲಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು.

“ಬೆಳಗ್ಗೆ ಬಚ್ಚಲುಮನೆ ಬಾಗಿಲಿಗೂ ತಟ್ಟಿದ್ರು. ಮೂರು.”

“ಯಾವ ಬೆಳಗ್ಗೆ?” ಎಂದಳು ಮಗಳು.

“ಅವತ್ತೇ. ಟವೆಲ್ಲಿಗೆ ಕರೀತಿದಾರೆ ಅಂದ್ಕೊಂಡೆ. ಹಿಂದಿನ ದಿನ ನಮ್ಮಿಬ್ಬರಿಗೂ ಮಾತು ಬಿಟ್ಟಿತ್ತು. ತಟ್ಟಲಿ ಬಿಡು ಅಂತ ಬೇಕಂತಲೇ ಹೋಗ್ಲಿಲ್ಲ ನಾನು. ಎಷ್ಟು ಹೊತ್ತು ತಟ್ಟಿದ್ರೋ! ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು, ಮೈಯೆಲ್ಲ ಬೆವರು. ನೋಡ್ದೆ. ನೋಡಿಯೂ ಕೇಳ್ಲಿಲ್ಲ. ನೀನು ಹೊರಗೆ ಹಾರ್ನ್ ಹೊಡೆದೆ. ಮಗಳು ಕಾಯ್ತಿದಾಳೆ, ಹೋಗಿ ಅಂದೆ. ಅವತ್ತಿಡೀ ನಾನು ಅವರ ಜೊತೆ ಆಡಿದ್ದು ಅದೊಂದೇ ಮಾತು.” ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಕಾರು ಹತ್ತಿಸಿ ಕಳಿಸಿದ್ದು ನಾನೇ ಕಣೇ.”

ಟಕ್, ಟಕ್, ಟಕ್.

ನಾಲ್ಕು ತಿಂಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡುಕೊಂಡು, ಇಬ್ಬರೂ ಒಬ್ಬರಿಂದೊಬ್ಬರು ಇದನ್ನೇ ಬಚ್ಚಿಟ್ಟುಕೊಂಡಿದ್ದರು. ಇಷ್ಟು ದಿನ ಮಗಳು ತನ್ನ ಪ್ರಶ್ನೆಗೆ ಉತ್ತರ ಎಂದುಕೊಂಡಿದ್ದು ಉತ್ತರವೇ ಆಗಿರಲಿಲ್ಲ. ಸಿಟ್ಟೂ ಅಲ್ಲ, ಕ್ಷಮೆಯೂ ಅಲ್ಲ. ಬಚ್ಚಲುಮನೆಯಲ್ಲಿ ಶುರುವಾಗಿ ಈ ಏರಿನಲ್ಲಿ ಮುಗಿದ ಆ ಬೆಳಗು ಒಳಗಿರುವವರಿಗೆ ಇನ್ನೂ ಮುಗಿದೇ ಇರಲಿಲ್ಲ. ಅವರಿನ್ನೂ ತಟ್ಟುತ್ತಲೇ ಇದ್ದರು. ದಿನಕ್ಕೊಂದು ಸಲ ಇವಳೇ ಹತ್ತಿಸಿಕೊಂಡು ಬಂದು ತಟ್ಟಿಸುತ್ತಿದ್ದಳು.

“ನೋವಾಗ್ತಿದೆ ಅವರಿಗೆ” ಎಂದಳು ಅಮ್ಮ. “ನಿಲ್ಲಿಸೇ.”

“ಕೀ ತೆಗೆದ್ರೂ ನಿಲ್ತಿಲ್ಲಮ್ಮ.”

“ನಿಂಗೆ ಗೊತ್ತಿರತ್ತೆ ನಿಲ್ಲಿಸೋದು ಹೇಗೆ ಅಂತ. ನಿಲ್ಲಿಸು.”

ಗೊತ್ತಿತ್ತು. ಗೇರು ಹಾಕಿ, ಬ್ರೇಕು ತುಳಿದು ಹಿಡಿದು, ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡುವುದು. ಇಂಜಿನ್ನು ಉಸಿರು ಕಟ್ಟಿ ಸಾಯುತ್ತದೆ. ಶಿಷ್ಯರು ಗೊತ್ತಿಲ್ಲದೆ ಮಾಡುವ ತಪ್ಪನ್ನು ಈಗ ಅವಳು ಗೊತ್ತಿದ್ದು ಮಾಡಬೇಕಿತ್ತು. ಕ್ಲಚ್ಚೂ ಬ್ರೇಕೂ ಒತ್ತಿ ಗೇರು ಹಾಕಿದಳು. ಅಮ್ಮನ ಎದುರಿನ ಎರಡೂ ಪೆಡಲುಗಳು ಕೆಳಗಿಳಿದವು. ಅಮ್ಮ ಬಗ್ಗಿ ನೋಡಿ, ಎತ್ತಿಕೊಂಡಿದ್ದ ಕಾಲನ್ನು ಇಳಿಸಿ ಬ್ರೇಕಿನ ಮೇಲಿಟ್ಟಳು. ಮಗಳ ಕಾಲಿಗೆ ಆ ಭಾರ ಗೊತ್ತಾಯಿತು. ಅಪ್ಪನನ್ನು ಇನ್ನು ಕಾಯಿಸಬಾರದೆಂದುಕೊಂಡೂ ಅವಳು ಮತ್ತೊಂದು ಬಿಡುವಿನಷ್ಟು ಹೊತ್ತು ಕಾಯಿಸಿದಳು. ಟಕ್, ಟಕ್, ಟಕ್.

“ನಿಲ್ಲಿಸ್ತಿದೀನಪ್ಪ” ಎಂದಳು, ಕ್ಲಚ್ಚು ಬಿಟ್ಟಳು.

ಕಾರು ಒಮ್ಮೆ ಮುಗ್ಗರಿಸಿತು. ಆಮೇಲೆ ಅಲುಗಲಿಲ್ಲ. ಬಿಸಿ ಲೋಹ ತಣ್ಣಗಾಗುವ ಸದ್ದೂ ಇಲ್ಲದಷ್ಟು ಮೌನ ಆ ಏರಿನಲ್ಲಿ. ಇಬ್ಬರೂ ಬ್ರೇಕಿನ ಮೇಲಿನ ಕಾಲು ತೆಗೆಯದೆ ಬಹಳ ಹೊತ್ತು ಕೂತರು. ಅಮ್ಮ ಆಮೇಲೆ ಅತ್ತಳು, ಮಗಳೂ ಅತ್ತಳು. ಅಪ್ಪ ಹೋದ ದಿನವೂ ಇಬ್ಬರೂ ಒಟ್ಟಿಗೆ ಕೂತು ಹೀಗೆ ಅತ್ತಿರಲಿಲ್ಲ.

ಇಂಜಿನ್ನು ತಣ್ಣಗಾದ ಮೇಲೆ ಮಗಳು ಕಾರನ್ನು ನ್ಯೂಟ್ರಲ್ಲಿನಲ್ಲಿ ಏರಿನಿಂದ ಹಿಂದಕ್ಕೆ ಇಳಿಸಿ ತಿರುಗಿಸಿ, ಮತ್ತೆ ಕೀ ಹಾಕಿ ಬಂಕಿಗೆ ಓಡಿಸಿದಳು. ಬಂಕಿನಲ್ಲಿ ಕನ್ನಡಕದವನು ಮುಚ್ಚಳ ತೆರೆದು, ಈ ಸಲ ಕೇಳುವುದೋ ಬೇಡವೋ ಎಂದು ತಡವರಿಸಿದ.

“ಮೇಡಂ, ಯಾವುದು?”

ಮಗಳು ಉತ್ತರ ಹೇಳಲು ಎರಡು ಸಲ ಪ್ರಯತ್ನಿಸಿದಳು. ಹೇಳಿದರೆ ಆಯಿತು, ಇನ್ನು ಯಾವತ್ತೂ ಅವರ ಸದ್ದಿಲ್ಲ. ಆಗ ಅಮ್ಮ ಆಚೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮನೆಗೆ ಬಂದವರಿಗೆ ನೀರು ಬೇಕೇ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದಳು: “ತೊಂಬತ್ತೈದು ಹಾಕಪ್ಪ. ತುಂಬಿಸು.”

“ತಳದಲ್ಲಿ ಹಳೇದು ಸ್ವಲ್ಪ ಇದೆಯಲ್ಲ ಅಮ್ಮ, ಅದ್ರ ಜೊತೆ ಬೆರೆತುಹೋಗತ್ತೆ. ನಾಕಿಂಗ್ ಇದ್ರೆ ಒಮ್ಮೆಲೇ ಪೂರ್ತಿ ಹೋಗಲ್ಲ” ಎಂದ ಅವನು.

“ಹೋದಾಗ ಹೋಗಲಿ” ಎಂದಳು ಅಮ್ಮ.

ಬಂಕಿನಿಂದ ಹೊರಟಾಗ ಬಿಸಿಲು ಇಳಿದಿತ್ತು. ಸಣ್ಣ ದಿಬ್ಬವೊಂದನ್ನು ಹತ್ತುವಾಗ ಇಂಜಿನ್ನಿನ ಆಳದಲ್ಲೆಲ್ಲೋ ಏನೋ ಅಲುಗಿತು. ತಟ್ಟಿದ್ದೆನ್ನಲು ಆಗದು, ಉಗುರಿನಿಂದ ಮುಟ್ಟಿದಷ್ಟು. ಇಬ್ಬರಿಗೂ ಕೇಳಿಸಿತು, ಇಬ್ಬರೂ ಎಣಿಸಲಿಲ್ಲ.

ದಿಬ್ಬ ಇಳಿದ ಮೇಲೆ ಅಮ್ಮ ಕೇಳಿದಳು. “ಆ ಹಳೇದು ಇನ್ನೂ ಎಷ್ಟು ದಿನ ಇರತ್ತೆ?”

“ಈ ಟ್ಯಾಂಕು ಖಾಲಿ ಆಗೋವರೆಗೆ.”

ಅಮ್ಮ ಮಡಿಲಲ್ಲಿ ಕೈ ಜೋಡಿಸಿ ರಸ್ತೆ ನೋಡಿದಳು.

“ಹಾಗಾದ್ರೆ ಸುತ್ತಾಕ್ಕೊಂಡು ಹೋಗ್ಬೇಡ” ಎಂದಳು. “ಸೀದಾ ಮನೆಗೆ ಹೋಗಿ ನಿಲ್ಸು. ಉಳಿದದ್ದು ನಾಳೆಗೂ ಬೇಕಾಗತ್ತೆ.”